ಎಳ್ಳಮಾಸಿಯ ಬುತ್ತಿ, ಖಾಲಿ ಬಂದ ತಾಟು

2024ರಲ್ಲಿ ಎಳ್ಳಮಾಸಿ ಡಿಸೆಂಬರ್ 30ಕ್ಕೆ ಬಿತ್ತು. ಮರುದಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೊಸ ವರ್ಷದ ಕೂಟ. ಹದಿನೈದು ದಿನ ಮೊದಲೇ ವಾಟ್ಸಾಪ್ ಗುಂಪಿನಲ್ಲಿ ಸೂಚನೆ ಬಂದಿತ್ತು. ಪ್ರತಿ ಮನೆಯವರೂ ಒಂದೊಂದು ತಿನಿಸು ಮಾಡಿ ತರಬೇಕು. ಸುಲಭವಾಗಿ ಒಯ್ಯಲು ಬರುವಂಥದ್ದಿರಬೇಕು, ಚೆಲ್ಲಬಾರದು, ಮತ್ತೆ ಬಿಸಿ ಮಾಡುವ ಗೊಡವೆ ಇರಬಾರದು, ಜೋರು ವಾಸನೆ ಬರಬಾರದು. ಕೊನೆಯ ಷರತ್ತು ಯಾರನ್ನು ಕುರಿತದ್ದು ಅಂತ ಎಲ್ಲರಿಗೂ ಗೊತ್ತಿತ್ತು. ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ.

ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ಶೇಂಗಾ ಹೋಳಿಗೆ, ಸಜ್ಜಿ ರೊಟ್ಟಿ, ಗುರೆಳ್ಳು ಹಿಂಡಿ’ ಎಂದು ಬರೆದೆ. ಕೂಡಲೇ ಮೂರನೇ ಮಹಡಿಯ ಒಬ್ಬರು ಉತ್ತರಿಸಿದರು: ‘ವಾವ್, ನಿಮ್ಮ ಕಡೆಯ ಸಾವಿರಾರು ವರ್ಷದ ಅಡುಗೆ!’ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳಿಗೆ ಇಂಥ ಮಾತು ಕಣ್ಣಲ್ಲಿ ಬಿದ್ದ ಧೂಳಿನ ಹಾಗೆ. ತಿಕ್ಕಿಕೊಳ್ಳದೆ ಇರಲಾಗುವುದಿಲ್ಲ.

ನನ್ನ ಊರು ಬಾಗಲಕೋಟೆ ಜಿಲ್ಲೆಯಲ್ಲಿ, ಮಲಪ್ರಭೆಯ ಆಚೀಚೆ ಹಬ್ಬಿರುವ ಎರೆಯ ಸೀಮೆ. ಮಾರ್ಗಶಿರದ ಅಮವಾಸ್ಯೆಗೆ ಅಲ್ಲಿ ಹಿಂಗಾರಿ ಜೋಳ ಎದೆಯುದ್ದ ನಿಂತಿರುತ್ತದೆ, ಕಡಲೆ ಹೂವಿಗೆ ಬಂದಿರುತ್ತದೆ. ಭೂಮಿ ಬಸುರಿ, ಆಕೆಗೆ ಬಯಕೆಯ ಊಟ ಉಣಿಸಬೇಕು ಎನ್ನುವುದು ಹಬ್ಬದ ಭಾವ. ಬೆಳಿಗ್ಗೆ ಚಕ್ಕಡಿ ಕಟ್ಟಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸುತ್ತಾರೆ. ಆಮೇಲೆ ತಂದ ಅಡುಗೆಯನ್ನೆಲ್ಲ ಕಲಸಿ, ಗಂಡಸರು ಕೂಗು ಹಾಕುತ್ತ ಹೊಲದ ನಾಲ್ಕೂ ದಿಕ್ಕಿಗೆ ಎರಚುತ್ತಾರೆ. ಅದು ಚರಗ. ಅದಾದ ಮೇಲೆ ಊಟ. ನೆಂಟರು, ನೆರೆಯವರು, ಹೊಲದ ಬದುವಿನಲ್ಲಿ ಹಾದುಹೋಗುವ ಅಪರಿಚಿತರು, ಯಾರೇ ಬಂದರೂ ಕರೆದು ಕೂಡಿಸುವುದು ಪದ್ಧತಿ.

ಈ ಊಟದ ಮುಖ್ಯ ಸಂಗತಿಯೆಂದರೆ ಇದನ್ನು ಹೊಲದಲ್ಲಿ ಬೇಯಿಸುವುದಿಲ್ಲ, ಮನೆಯಿಂದ ಹೊತ್ತು ತರುತ್ತಾರೆ. ಎತ್ತಿನ ಬಂಡಿ ಕುಲುಕುತ್ತದೆ. ಡಿಸೆಂಬರ್ ಆದರೂ ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತದೆ. ಬೆಳಗಿನ ಜಾವ ಮಾಡಿದ್ದು ಮಧ್ಯಾಹ್ನಕ್ಕೂ ಕೆಡಬಾರದು, ಉಳಿದದ್ದು ಮರುದಿನಕ್ಕೂ ಬರಬೇಕು. ಹೀಗಾಗಿ ಎಳ್ಳಮಾಸಿಯ ಬುತ್ತಿಯಲ್ಲಿ ಪ್ರತಿಯೊಂದು ಪದಾರ್ಥವೂ ನೀರಿನ ಲೆಕ್ಕಾಚಾರದ ಮೇಲೆ ನಿಂತಿದೆ. ಅವ್ವ ಇದನ್ನು ಹೀಗೆ ವಿವರಿಸುತ್ತಿರಲಿಲ್ಲ. ‘ನೀರು ಇದ್ದಲ್ಲಿ ಹುಳಿ, ಹುಳಿ ಇದ್ದಲ್ಲಿ ನೊಣ’ ಎನ್ನುತ್ತಿದ್ದಳು, ಅಷ್ಟೇ.

ರೊಟ್ಟಿಯಿಂದಲೇ ಶುರುಮಾಡೋಣ. ಜೋಳದ ಹಿಟ್ಟಿಗೆ ಜಿಗುಟು ಇಲ್ಲ. ಗೋಧಿಯ ಹಾಗೆ ತಣ್ಣೀರಲ್ಲಿ ಕಲಸಿದರೆ ಒಡೆದು ಚೂರಾಗುತ್ತದೆ. ಅದಕ್ಕೇ ಕುದಿಯುವ ಎಸರು ಹಾಕಿ, ಕೈ ಸುಡುವಾಗಲೇ ನಾದಿ, ತಟ್ಟಿ, ಬಡಿದು ಅಗಲ ಮಾಡಬೇಕು. ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಮೇಲ್ಮೈಗೆ ನೀರು ಸವರಿ, ತಿರುವಿ ಬೇಯಿಸಿದರೆ ಅದು ಬಿಸಿ ರೊಟ್ಟಿ. ಅದನ್ನೇ ಒಲೆಯ ಮಗ್ಗುಲಿಗೆ ಆನಿಸಿಟ್ಟು, ಒಳಗಿನ ಪಸೆಯೆಲ್ಲ ಆರುವ ತನಕ ಸಣ್ಣ ಕಾವು ಕೊಟ್ಟರೆ ಕಡಕ್ ರೊಟ್ಟಿ. ಬಿಸಿ ರೊಟ್ಟಿ ಸಂಜೆಗೆ ಬಿರುಸಾಗುತ್ತದೆ, ಕಡಕ್ ರೊಟ್ಟಿ ತಿಂಗಳಾದರೂ ಹಾಗೇ ಇರುತ್ತದೆ. ಎಳ್ಳಮಾಸಿಗೆ ಸಜ್ಜಿಯ ರೊಟ್ಟಿಗೆ ಎರಡೂ ಕಡೆ ಬಿಳಿ ಎಳ್ಳು ಒತ್ತುತ್ತಾರೆ. ಹಂಚಿನ ಮೇಲೆ ಎಳ್ಳು ಸಿಡಿಯುವ ಸದ್ದಿಗೇ ನಾವು ಎದ್ದು ಕೂಡುತ್ತಿದ್ದೆವು.

ಹೋಳಿಗೆಯದೂ ಇದೇ ಕತೆ. ಕಡಲೆಬೇಳೆಯ ಹೂರಣವನ್ನು ಬೇಯಿಸಿ ರುಬ್ಬುವುದರಿಂದ ಅದರಲ್ಲಿ ನೀರು ಉಳಿದಿರುತ್ತದೆ. ಎರಡನೇ ದಿನಕ್ಕೇ ಮೂಸಿ ನೋಡಬೇಕಾಗುತ್ತದೆ. ಶೇಂಗಾ ಹೋಳಿಗೆಯ ಹೂರಣಕ್ಕೆ ನೀರು ಬೇಕಿಲ್ಲ. ಹುರಿದು ಸಿಪ್ಪೆ ಬಿಡಿಸಿದ ಶೇಂಗಾ, ಬೆಲ್ಲ, ಏಲಕ್ಕಿ. ಕುಟ್ಟುವಾಗ ಶೇಂಗಾದ ಎಣ್ಣೆಯೇ ಬೆಲ್ಲವನ್ನು ಹಿಡಿದುಕೊಳ್ಳುತ್ತದೆ. ವಾರ ಕಳೆದರೂ ಕೆಡುವುದಿಲ್ಲ. ಹಿಂಡಿಗಳೆಲ್ಲ ಒಣ ಪುಡಿ: ಶೇಂಗಾ, ಅಗಸಿ, ಗುರೆಳ್ಳು. ತಿನ್ನುವಾಗ ಮೇಲೆ ಎಣ್ಣೆಯೋ ಮೊಸರೋ ಹಾಕಿಕೊಂಡರಾಯಿತು. ಹಸಿ ಕೆಂಪು ಮೆಣಸಿನಕಾಯಿಯನ್ನು ಉಪ್ಪು, ಲಿಂಬಿಹುಳಿಯ ಜೊತೆ ಅರೆದ ರಂಜಕವನ್ನು ಉಪ್ಪು, ಹುಳಿಗಳೇ ಕಾಯುತ್ತವೆ. ಬುತ್ತಿಯಲ್ಲಿ ಒದ್ದೆ ಪದಾರ್ಥ ಅಂದರೆ ಎಣಗಾಯಿ, ಪುಂಡಿಪಲ್ಯ, ಮತ್ತೆ ಬಾನ. ಬಾನಕ್ಕೆ ಒಂದು ಉಪಾಯವಿತ್ತು. ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ, ಮೊಸರಿನ ಬದಲು ಹಾಲು ಬೆರೆಸಿ ಒಂದೇ ಚಮಚ ಹೆಪ್ಪು ಹಾಕುವುದು. ಚಕ್ಕಡಿ ಹೊಲ ಮುಟ್ಟಿ, ಪೂಜೆ ಮುಗಿದು, ಚರಗ ಚೆಲ್ಲುವ ಹೊತ್ತಿಗೆ ಒಳಗೆ ಹಾಲು ಮೊಸರಾಗಿರುತ್ತಿತ್ತು. ದಾರಿಯ ಹೊತ್ತೇ ಹೆಪ್ಪಾಗುವ ಹೊತ್ತು. ಈ ಲೆಕ್ಕ ಹಾಕಿದವಳು ಯಾರೋ ನನಗೆ ಗೊತ್ತಿಲ್ಲ. ಆಕೆಗೊಂದು ಶಾಸನ ಹಾಕಿಸಬೇಕಿತ್ತು.

ಶಾಸನ ಹಾಕಿಸಲಿಲ್ಲ ಎನ್ನುವುದೇ ಇತಿಹಾಸದವರ ಕಷ್ಟ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅರಸನ ಊಟಕ್ಕೆ ಒಂದು ಭಾಗವೇ ಇದೆ. ಮೂರನೆಯ ಮಂಗರಸ 16ನೇ ಶತಮಾನದ ಮೊದಲಲ್ಲಿ ‘ಸೂಪಶಾಸ್ತ್ರ’ವನ್ನೇ ಪದ್ಯದಲ್ಲಿ ಬರೆದ. ಅವು ಅರಮನೆಯ, ಉಳ್ಳವರ ಅಡುಗೆ. ಹೊಲಕ್ಕೆ ಹೊತ್ತೊಯ್ದ ಗಂಟಿನ ಸುದ್ದಿ ಅಲ್ಲಿ ಕಡಿಮೆ. ಆದರೆ ಹಳೆಯ ಭಾಷೆಯಲ್ಲಿ ಪದ ಉಳಿದಿದೆ: ಕಟ್ಟೋಗರ. ಕಟ್ಟಿದ ಓಗರ, ಗಂಟು ಕಟ್ಟಿದ ಅನ್ನ. ‘ಬುತ್ತಿ’ಯನ್ನು ‘ಭುಕ್ತಿ’ಯ ತದ್ಭವ ಎನ್ನುತ್ತಾರೆ. ನನಗೆ ಕಟ್ಟೋಗರವೇ ಹೆಚ್ಚು ಇಷ್ಟ, ಅದರಲ್ಲಿ ಗಂಟು ಬಿಗಿದ ಕೈ ಕಾಣುತ್ತದೆ.

ಗಂಟು ಬಿಚ್ಚಿ ಒಳಗಿನ ಪದಾರ್ಥಗಳ ಊರು ಯಾವುದೆಂದು ಕೇಳಿದರೆ, ಮೂರನೇ ಮಹಡಿಯವರ ‘ಸಾವಿರಾರು ವರ್ಷ’ ಸ್ವಲ್ಪ ಅಲ್ಲಾಡುತ್ತದೆ. ಮಂಗರಸ ಬರೆಯುವ ಕಾಲಕ್ಕೆ ಪೋರ್ಚುಗೀಸರು ಮಲಬಾರಿಗೆ ಬಂದು ಕೆಲವೇ ವರ್ಷವಾಗಿತ್ತು; 1510ರಲ್ಲಿ ಗೋವೆ ಅವರ ಕೈಸೇರಿತು. ಅಮೆರಿಕದ ಮೆಣಸಿನಕಾಯಿ ನಮ್ಮ ನಾಡಿನೊಳಗೆ ಹಬ್ಬಿದ್ದು ಅದರ ನಂತರ. ಅಂದರೆ ರಂಜಕವಿಲ್ಲದ, ಬ್ಯಾಡಗಿ ಮೆಣಸಿನಕಾಯಿ ಇಲ್ಲದ ಬುತ್ತಿಯನ್ನು ನಮ್ಮ ಹಿರಿಯರು ಶತಮಾನಗಟ್ಟಲೆ ಉಂಡಿದ್ದಾರೆ. ಖಾರಕ್ಕೆ ಕರಿಮೆಣಸು, ಶುಂಠಿ, ಸಾಸಿವೆ. ಶೇಂಗಾ ದಕ್ಷಿಣ ಅಮೆರಿಕದ್ದು. ನಮ್ಮ ಸೀಮೆಯ ಹೊಲಗಳಲ್ಲಿ ಅದು ದೊಡ್ಡ ಬೆಳೆಯಾದದ್ದು ಎಣ್ಣೆಬೀಜದ ವ್ಯಾಪಾರ ಬೆಳೆದ ಮೇಲೆ, 19ನೇ ಶತಮಾನದ ಕೊನೆಗೆ ಮತ್ತು 20ನೆಯದರಲ್ಲಿ. ಶೇಂಗಾ ಹೋಳಿಗೆಗೆ ನಮ್ಮಲ್ಲಿ ನಾಲ್ಕೈದು ತಲೆಮಾರಿನ ವಯಸ್ಸು ಇದ್ದೀತು.

ಸರಿ, ಜೋಳ? ಅದೂ ವಲಸೆ ಬಂದದ್ದೇ, ಬಹಳ ಹಿಂದೆ. ಜೋಳವನ್ನು ಮೊದಲು ಪಳಗಿಸಿದ್ದು ಆಫ್ರಿಕಾದಲ್ಲಿ, ಸುಡಾನಿನ ಪೂರ್ವಭಾಗದಲ್ಲಿ. ಸಜ್ಜಿ ಸಹಾರಾದ ದಕ್ಷಿಣದ ಅಂಚಿನದು. ಎರಡೂ ಈ ನೆಲಕ್ಕೆ ಬಂದು ಸುಮಾರು 4,000 ವರ್ಷಗಳಾಗಿರಬಹುದು. ಗುರೆಳ್ಳು ಇಥಿಯೋಪಿಯಾದ ಕಡೆಯದು, ಪುಂಡಿಯೂ ಆಫ್ರಿಕಾದ್ದೇ. ಗೋಧಿ, ಅಗಸಿ ಪಶ್ಚಿಮ ಏಷ್ಯಾದಿಂದ ಬಂದವು. ಬಳ್ಳಾರಿಯ ಹತ್ತಿರದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಬೆಳೆದದ್ದು ಕೊರಲೆ, ಹುರಳಿ, ಹೆಸರು. ಅವು ನಮ್ಮ ಎಳ್ಳಮಾಸಿಯ ಬುತ್ತಿಯಲ್ಲಿ ಇರುತ್ತಲೇ ಇರಲಿಲ್ಲ ಎನ್ನಬಹುದು. ಹಾಗಾದರೆ ಈ ಗಂಟಿನಲ್ಲಿ ನಮ್ಮ ದೇಶದ್ದೇ ಅಂತ ಏನಿದೆ? ಎಣಗಾಯಿಯ ಬದನೆ ಇದೆ. ಎಳ್ಳು ಇದೆ. ಅಮವಾಸ್ಯೆಗೆ ಹೆಸರು ಕೊಟ್ಟದ್ದು ಅದೇ ಎಂಬುದು ನನಗೆ ಸಣ್ಣ ಸಮಾಧಾನ.

ಇದನ್ನೆಲ್ಲ ತರಗತಿಯಲ್ಲಿ ಹೇಳಿದಾಗ ಹುಡುಗರಿಗೆ ಖುಷಿಯಾಗುತ್ತದೆ. ಹೊರಗಿನದನ್ನೆಲ್ಲ ನಮ್ಮದಾಗಿಸಿಕೊಂಡ ಉದಾರ ಸಂಸ್ಕೃತಿ ಎಂದು ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ. ಆ ವಾಕ್ಯಕ್ಕೆ ಅಂಕ ಕೊಡುವಾಗ ನನ್ನ ಪೆನ್ನು ಒಂದು ಗಳಿಗೆ ನಿಲ್ಲುತ್ತದೆ.

ಹೊತ್ತೊಯ್ಯುವ ತಿನಿಸಿಗೆ ಕೆಡದಿರುವುದರ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಪರರ ಕೈಯ ಅಡುಗೆ ಉಣ್ಣುವ ಪ್ರಸಂಗ ಬರಬಾರದು. ಮಡಿವಂತರ ಮನೆಗಳಲ್ಲಿ ನೀರಿನಲ್ಲಿ ಬೇಯಿಸಿದ ಅನ್ನ ಮುಸುರೆ, ಅದು ಬೇಗ ಮೈಲಿಗೆಯಾಗುವಂಥದ್ದು. ಅವಲಕ್ಕಿ, ಅರಳು, ಹಾಲಲ್ಲೋ ಎಣ್ಣೆಯಲ್ಲೋ ಮಾಡಿದ ತಿಂಡಿ ಅಷ್ಟು ಬೇಗ ಅಲ್ಲ. ಪ್ರಯಾಣಕ್ಕೆ ಚಕ್ಕುಲಿ, ಉಂಡೆ, ಅವಲಕ್ಕಿ ಕಟ್ಟಿಕೊಳ್ಳುವುದರ ಹಿಂದೆ ಈ ಲೆಕ್ಕವೂ ಇದೆ. 1876–78ರ ಬರದ ನಂತರ, 1884ರಲ್ಲಿ ಗದಗ–ಹೊಟಗಿ ರೈಲುದಾರಿ ಬಾದಾಮಿ, ಬಾಗಲಕೋಟೆ, ವಿಜಯಪುರಗಳ ಮೇಲೆ ಹಾದುಹೋಯಿತು. ರೈಲು ಎಲ್ಲ ಜಾತಿಯವರನ್ನೂ ಒಂದೇ ಡಬ್ಬಿಯಲ್ಲಿ ಕೂಡಿಸಿತು, ನಿಜ. ಆದರೆ ಈ ದೇಶದ ರೈಲು ನಿಲ್ದಾಣಗಳಲ್ಲಿ ‘ಹಿಂದೂ ನೀರು’, ‘ಮುಸ್ಲಿಂ ನೀರು’ ಎಂದು ಬೇರೆಬೇರೆ ಕೊಡಗಳಿದ್ದವು, ಮತ್ತು ಕೂತವರ ತೊಡೆಯ ಮೇಲೆ ಅವರವರ ಬುತ್ತಿಯ ಗಂಟುಗಳಿದ್ದವು. ಡಬ್ಬಿ ಒಂದಾದಷ್ಟೂ ಗಂಟು ಬಿಗಿಯಾಯಿತು.

ಹಬ್ಬದ ಬುತ್ತಿ ಇದಕ್ಕೆ ತದ್ವಿರುದ್ಧ. ಅದು ಕೊಡಲೆಂದೇ ಕಟ್ಟಿದ ಗಂಟು. ನಮ್ಮ ಕಡೆ ನಾಗರಪಂಚಮಿಗೆ ಮುಂಚೆ ರೊಟ್ಟಿ ಹಬ್ಬ ಬರುತ್ತದೆ, ಕೆಲವರು ರೊಟ್ಟಿ ಪಂಚಮಿ ಅನ್ನುತ್ತಾರೆ. ಎಂಟು ಹತ್ತು ದಿನದಿಂದ ಬಡಿದು ಒಣಗಿಸಿ ಒಟ್ಟಿದ ರೊಟ್ಟಿಗಳನ್ನು, ಬಗೆಬಗೆಯ ಪಲ್ಯ, ಹಿಂಡಿಗಳನ್ನು ತಾಟಿನಲ್ಲಿಟ್ಟು ಮನೆಮನೆಗೆ ಬೀರುತ್ತಾರೆ. ತಾಟು ಒಯ್ಯುವುದು ಹುಡುಗಿಯರ ಕೆಲಸ. ಕೊಟ್ಟ ಮನೆಯವರು ತಮ್ಮ ರೊಟ್ಟಿ ಇಟ್ಟೇ ತಾಟು ತಿರುಗಿ ಕೊಡಬೇಕು, ಖಾಲಿ ತಾಟು ಕೊಡುವುದು ಅಪಶಕುನ. ಸಂಜೆಯ ಹೊತ್ತಿಗೆ ನಮ್ಮ ಮನೆಯಲ್ಲಿ ನಮ್ಮ ರೊಟ್ಟಿ ಒಂದೂ ಇರುತ್ತಿರಲಿಲ್ಲ, ಇಡೀ ಓಣಿಯ ರೊಟ್ಟಿ ಇರುತ್ತಿದ್ದವು. ಯಾವುದು ಯಾರ ಕೈಯದೆಂದು ಆಯಿ ಅಂಚು ನೋಡಿಯೇ ಹೇಳುತ್ತಿದ್ದಳು.

ಒಂದು ತಾಟು ಮಾತ್ರ ಖಾಲಿ ಬರುತ್ತಿತ್ತು. ಊರ ಹೊರಗಿನ ಕೇರಿಯಿಂದ ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದ ಹೆಣ್ಣುಮಗಳ ಮನೆಗೆ ಒಯ್ದ ತಾಟು. ಆಕೆ ಅಂಗಳಕ್ಕೆ ಬಂದು ಸೆರಗು ಒಡ್ಡುತ್ತಿದ್ದಳು. ನಾನು ಮೇಲಿಂದ ರೊಟ್ಟಿ ಬೀಳಿಸುತ್ತಿದ್ದೆ. ಆಕೆಯ ಮಗಳು ನನ್ನದೇ ಕ್ಲಾಸು. ಐದನೆಯ ಇಯತ್ತೆಯಲ್ಲಿದ್ದಾಗ, 1984ರ ಸುಮಾರಿಗೆ, ಆಯಿಯನ್ನು ಕೇಳಿದೆ: ‘ಅವರು ಯಾಕ ರೊಟ್ಟಿ ಇಡಾಂಗಿಲ್ಲ?’ ಆಯಿ ಹೇಳಿದಳು: ‘ಅವರು ಇಡತಾರವ್ವಾ. ನಾವು ತಗೊಳ್ಳಾಂಗಿಲ್ಲ.’

ಅದೇ ವರ್ಷದ ಎಳ್ಳಮಾಸಿ. ಆ ತಾಯಿ ಮಗಳು ನಮ್ಮ ಹೊಲಕ್ಕೆ ಬಂದಿದ್ದರು. ನಮ್ಮ ಊಟ ಬನ್ನಿಗಿಡದ ಕೆಳಗೆ, ಅವರದು ಬದುವಿನ ಆಚೆ ಜಾಲಿಯ ನೆರಳಲ್ಲಿ. ನಮ್ಮ ಬುತ್ತಿಯಿಂದ ಅವರಿಗೆ ಬಡಿಸಿಯಾಗಿತ್ತು. ಆದರೆ ಆಕೆ ತನ್ನದೊಂದು ಸಣ್ಣ ಗಂಟೂ ತಂದಿದ್ದಳು. ಹಬ್ಬದ ದಿನ ಬರಿಗೈಲಿ ಯಾರು ಬರುತ್ತಾರೆ? ನನ್ನ ಗೆಳತಿ ಚಕ್ಕಡಿಯ ಮರೆಗೆ ಬಂದು ಸಜ್ಜಿ ರೊಟ್ಟಿಯ ಒಂದು ಹೋಳು, ಮೇಲೆ ಗುರೆಳ್ಳು ಹಿಂಡಿ ಹಾಕಿ ಕೊಟ್ಟಳು. ನಮ್ಮದಕ್ಕಿಂತ ತೆಳ್ಳಗಿತ್ತು, ಎಳ್ಳು ದಟ್ಟವಾಗಿತ್ತು. ಹಿಂಡಿಯಲ್ಲಿ ಬೆಳ್ಳುಳ್ಳಿ ಮುಂದಾಗಿತ್ತು. ಅರ್ಧ ತಿಂದಿದ್ದೆ, ಅವ್ವ ನೋಡಿದಳು. ಕೈಯಲ್ಲಿದ್ದ ತುಣುಕು ಕಸಿದು ಜೋಳದ ಸಾಲಿನೊಳಗೆ ಎಸೆದಳು. ಮಣ್ಣಿನ ಗಡಿಗೆಯಿಂದ ನೀರು ಸುರಿದು ಬಾಯಿ ಮುಕ್ಕಳಿಸಲು ಹೇಳಿದಳು. ಬೈಯಲಿಲ್ಲ. ಆಚೆ ಜಾಲಿಯ ಕೆಳಗೆ ಆ ತಾಯಿ ತಲೆ ತಗ್ಗಿಸಿ ಗಂಟು ಕಟ್ಟುತ್ತಿದ್ದಳು. ಗೆಳತಿ ಆಮೇಲೆ ಸಾಲಿಯಲ್ಲಿ ನನ್ನ ಜೊತೆ ಎಂದಿನಂತೆ ಮಾತಾಡಿದಳು, ಆದರೆ ತಿನ್ನಲು ಏನನ್ನೂ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಆ ರಾತ್ರಿ ಮಲಗುವಾಗ ಅವ್ವ ಮೆಲ್ಲಗೆ ಕೇಳಿದಳು: ‘ಹೆಂಗಿತ್ತು?’

‘ಚಲೋ ಇತ್ತು’ ಅಂದೆ. ‘ಬಳ್ಳೊಳ್ಳಿ ಭಾಳ ಹಾಕಿದ್ರು.’

ಮುಂದಿನ ಸಲ ಅವ್ವನ ಗುರೆಳ್ಳು ಹಿಂಡಿಯಲ್ಲಿ ಬೆಳ್ಳುಳ್ಳಿ ಹೆಚ್ಚಿತು. ಈಗಲೂ ಹಾಗೇ ಮಾಡುತ್ತಾಳೆ. ನಾನೂ ಹಾಗೇ ಮಾಡುತ್ತೇನೆ.

ಆಫ್ರಿಕಾದ ಜೋಳ, ಅಮೆರಿಕದ ಮೆಣಸಿನಕಾಯಿ ದೇವರ ಎಡೆಗೆ ಏರಿದ ಮನೆಯಲ್ಲಿ, ಎರಡು ಫರ್ಲಾಂಗು ಆಚೆಯಿಂದ ಬಂದ ರೊಟ್ಟಿಗೆ ಜಾಗವಿರಲಿಲ್ಲ. ಬೀಜಕ್ಕೆ ಜಾತಿ ಕೇಳದವರು ಕೈಗೆ ಕೇಳಿದರು. ಉತ್ತರಪತ್ರಿಕೆಯ ‘ಉದಾರ ಸಂಸ್ಕೃತಿ’ಯ ಮೇಲೆ ಪೆನ್ನು ನಿಲ್ಲುವುದು ಇದಕ್ಕೆ.

ಇದನ್ನು ನಮ್ಮವರು ಯೋಚಿಸಿರಲೇ ಇಲ್ಲ ಎಂದೇನೂ ಅಲ್ಲ. ಹರಿಹರನ ಬಸವರಾಜದೇವರ ರಗಳೆಯಲ್ಲಿ ಬಸವಣ್ಣ ಕಂಬಳಿಯ ನಾಗಿದೇವನ ಮನೆಗೆ ಹೋಗಿ ಪ್ರಸಾದ ಸ್ವೀಕರಿಸುತ್ತಾನೆ. ಅದೇ ಬಿಜ್ಜಳನ ಆಸ್ಥಾನದಲ್ಲಿ ದೂರಾಗುತ್ತದೆ. ಗಮನಿಸಿ, ದೂರು ಬಂದದ್ದು ಬಸವಣ್ಣ ಕೊಟ್ಟದ್ದಕ್ಕಲ್ಲ, ತೆಗೆದುಕೊಂಡು ಉಂಡದ್ದಕ್ಕೆ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಗೂ ಭತ್ತಕ್ಕೂ ಯಾರು ಹೆಚ್ಚೆಂಬ ಜಗಳ ಹತ್ತಿದಾಗ, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಸೊರಗದೆ ಹೊರಬಂದದ್ದು ರಾಗಿ. ಕೆಡದೆ ಉಳಿಯುವ ಗುಣವನ್ನೇ ಕುಲದ ವಾದಕ್ಕೆ ಉತ್ತರವಾಗಿ ನಿಲ್ಲಿಸಿದ ಈ ಉಪಾಯ, ಬುತ್ತಿ ಕಟ್ಟುವವರಿಗೆ ಹೊಳೆಯುವಂಥ ಉಪಾಯ ಅಂತ ನನಗನ್ನಿಸುತ್ತದೆ.

ಆರೇಳು ವರ್ಷದ ಹಿಂದೆ ಅವ್ವನನ್ನು ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಕರೆದೊಯ್ದಿದ್ದೆ. ಜನವರಿಯ ಆ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳವರು ಮನೆಮನೆಯಲ್ಲಿ ರೊಟ್ಟಿ ಬಡಿದು, ಟ್ರ್ಯಾಕ್ಟರ್ ತುಂಬಿಕೊಂಡು, ಡೊಳ್ಳು ಬಾರಿಸುತ್ತ ತರುತ್ತಾರೆ. ಲಕ್ಷಗಟ್ಟಲೆ ರೊಟ್ಟಿ, ಮೂಟೆಗಟ್ಟಲೆ ಮಾದಲಿ. ಒಟ್ಟಿದ ರೊಟ್ಟಿಯ ರಾಶಿ ನನ್ನೆತ್ತರಕ್ಕಿಂತ ಮೇಲಿತ್ತು. ಯಾವ ಊರಿನದು, ಯಾವ ಕೇರಿಯದು, ಯಾರ ಕೈಯದು ಎಂದು ಆ ರಾಶಿಯಲ್ಲಿ ಹೇಗೆ ಹೇಳುತ್ತೀರಿ? ಆಯಿ ಇದ್ದಿದ್ದರೆ ಅವಳೂ ಸೋಲುತ್ತಿದ್ದಳು. ಅವ್ವ ಸಾಲಿನಲ್ಲಿ ಕೂತು ಎರಡು ರೊಟ್ಟಿ ಉಂಡಳು. ಈಗ ಊರಲ್ಲಿ ಅವಳಿಗೆ ರೊಟ್ಟಿ ಬಡಿಯಲು ರಟ್ಟೆ ಸಾಗುವುದಿಲ್ಲ. ಮಹಿಳಾ ಸಂಘದವರು ಮಾಡಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಮಾರುವ ಕಡಕ್ ರೊಟ್ಟಿ ತರಿಸುತ್ತಾಳೆ. ಮಾಡಿದವರು ಯಾರೆಂದು ಕೇಳಿದ್ದನ್ನು ನಾನು ಕಂಡಿಲ್ಲ. ರಾಶಿಯಲ್ಲಿ, ಪೊಟ್ಟಣದಲ್ಲಿ ಕೈ ಕಾಣುವುದಿಲ್ಲ, ಕಾಣದ್ದರಿಂದ ನಡೆಯುತ್ತದೆ. ಇದನ್ನು ಬದಲಾವಣೆ ಅನ್ನಬೇಕೋ ಬೇಡವೋ ನನಗೆ ತಿಳಿಯದು. ಬೆಳ್ಳುಳ್ಳಿಯ ಹಿಂಡಿಯನ್ನು ಬದುವಿನ ಆಚೆಯಿಂದ ಕೈಯಾರೆ ಇಸಿದುಕೊಳ್ಳುವುದು ಬೇರೆಯೇ ಮಾತು.

ಕೂಟದ ಸಂಗತಿ ಬೇಗ ಹೇಳಿ ಮುಗಿಸುತ್ತೇನೆ. ಮೇಜಿನ ಮೇಲೆ ಹೆಚ್ಚಿನವು ತರಿಸಿದ ತಿನಿಸುಗಳೇ. ಶೇಂಗಾ ಹೋಳಿಗೆ ಅರ್ಧ ಗಂಟೆಯಲ್ಲಿ ಖಾಲಿಯಾಯಿತು. ಸಜ್ಜಿ ರೊಟ್ಟಿಯನ್ನು ‘ಹೆಲ್ದಿ’ ಎಂದು ಎಲ್ಲರೂ ಹೊಗಳಿದರು, ಯಾರೂ ಮುಟ್ಟಲಿಲ್ಲ. ಮೆಟ್ಟಿಲು ಒರೆಸುವ ಹೆಣ್ಣುಮಗಳು ರಾತ್ರಿ ತಟ್ಟೆ ಎತ್ತಲು ಬಂದವಳು ಡಬ್ಬಿ ನೋಡಿ ನಿಂತಳು. ‘ಎಳ್ಳಮಾಸಿ ಮಾಡೀರೇನ್ರೀ ಅಕ್ಕಾರ?’ ಯಾದಗಿರಿ ಕಡೆಯ ಮಾತು. ಕೂಟಕ್ಕೆ ಕರೆದವರ ಪಟ್ಟಿಯಲ್ಲಿ ಆಕೆ ಇರಲಿಲ್ಲ, ಕಾವಲಿನವರೂ ಇರಲಿಲ್ಲ; ಉಳಿದದ್ದನ್ನು ಕವರಿನಲ್ಲಿ ಹಾಕಿ ಕೊಡುವುದು ಅಲ್ಲಿನ ರೂಢಿ. ನಾನು ರೊಟ್ಟಿ, ಹಿಂಡಿ ಇದ್ದ ಡಬ್ಬಿಯನ್ನೇ ಕೊಟ್ಟೆ.

ಎರಡು ದಿನ ಬಿಟ್ಟು ಡಬ್ಬಿ ತಿರುಗಿ ಬಂತು, ತೊಳೆದು ಒರೆಸಿದ್ದು. ಒಳಗೆ ಒಂದು ಹಿಡಿ ಸಕ್ಕರೆ. ‘ಖಾಲಿ ಡಬ್ಬಿ ಹೆಂಗ ಕೊಡೂದ್ರೀ’ ಅಂದಳು. ಆ ಸಕ್ಕರೆಯಲ್ಲೇ ಚಹಾ ಮಾಡಿ ಇಬ್ಬರೂ ಕುಡಿದೆವು.

ಅವತ್ತು ರಾತ್ರಿ ಫೋನಿನಲ್ಲಿ ಅವ್ವನಿಗೆ ಇದನ್ನು ಹೇಳಿದೆ. ಸಕ್ಕರೆಯ ಸುದ್ದಿ ಕೇಳಿ ನಕ್ಕಳು. ‘ಯಾವೂರಾಕಿ?’ ಅಂದಳು.

‘ಯಾದಗಿರಿ ಕಡ್ಯಾಕಿ.’

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: ‘ಯಾರ ಪೈಕಿ?’

‘ಕೇಳಿಲ್ಲವ್ವ’ ಅಂದೆ.

‘ಹೂಂ’ ಅಂದಳು. ಆಮೇಲೆ, ಈ ಸಲ ಎಳ್ಳಮಾಸಿಗೆ ಹೊಲಕ್ಕೆ ಚಕ್ಕಡಿ ಸಿಗಲಿಲ್ಲವೆಂದೂ, ಯಾರದೋ ಟಂಟಂದಾಗ ಹೋಗಿ ಚರಗ ಚೆಲ್ಲಿ ಬಂದೆವೆಂದೂ, ಕುಲುಕಾಟಕ್ಕೆ ಬಾನವೆಲ್ಲ ಚೆಲ್ಲಿ ಸೀರೆ ಹಾಳಾಯಿತೆಂದೂ ಹೇಳತೊಡಗಿದಳು.